ಚೌಕಾಸಿ ಮಾಡಿ ಕೊಂಡ ಗಡಿಯಾರ

ಜೂನ್ 3

ನಮ್ಮ ಗಡಿಯಾರ ಶಾಲೆಯ ಬೆಂಚಿನಿಂದ ಎದ್ದುಹೋದ ಎಲ್ಲರಿಗೂ, ಈಗ ಅದೇ ಬೆಂಚಿನ ಮೇಲೆ ಕೂತಿರುವ ಮಕ್ಕಳಿಗೂ ನಿಮ್ಮ ಮೇಷ್ಟ್ರ ನಮಸ್ಕಾರ.

ಮೊದಲು ಹಿರಿಯರನ್ನು ನೆನೆಯುತ್ತೇನೆ. ಅಚ್ಚುಮನೆಯ ಮೇಲಿನ ಈ ಉದ್ದನೆಯ ಕೋಣೆಯನ್ನು ಬಾಡಿಗೆಯ ಮಾತೆತ್ತದೆ ಬಿಟ್ಟುಕೊಟ್ಟ ಮುದ್ರಕರಿಗೆ, ತಮ್ಮ ಅಂಗಡಿ ಮುಚ್ಚಿದಾಗ ಮೇಜುಗಳನ್ನು ಮಾರದೆ ನಮಗೆ ಹೊರಿಸಿ ಕಳಿಸಿದ ಹಳೆಯ ರಿಪೇರಿಯವರಿಗೆ, ನೆಲಕ್ಕೆಲ್ಲ ಬಿಳಿ ಬಣ್ಣ ಬಳಿಸಿಕೊಟ್ಟ ತಾಯಿಗೆ ನಾವು ಋಣಿಗಳು. ಆ ಬಿಳಿ ನೆಲ ಇಲ್ಲದಿದ್ದರೆ ಕೈತಪ್ಪಿ ಬಿದ್ದ ಸ್ಕ್ರೂಗಳನ್ನು ಹುಡುಕುವುದರಲ್ಲೇ ನಮ್ಮೆಲ್ಲರ ಅರ್ಧ ಆಯುಷ್ಯ ಮುಗಿಯುತ್ತಿತ್ತು.

ಈ ವರ್ಷದ ಮಕ್ಕಳು ನನಗೆ ಬಹಳ ಆಸೆ ಹುಟ್ಟಿಸಿದ್ದಾರೆ. ಅವರಲ್ಲಿ ಒಬ್ಬಳಿಗೆ ಗಡಿಬಿಡಿ ಎಂದು ಹೆಸರಿಟ್ಟಿದ್ದೇನೆ. ಅವಳ ಕೈ ಮೊದಲು ಹೊರಡುತ್ತದೆ, ಬುದ್ಧಿ ಹಿಂದಿನಿಂದ ಏದುಸಿರು ಬಿಡುತ್ತ ಬರುತ್ತದೆ. ಇನ್ನೊಬ್ಬ ನಿಧಾನಿ, ಅವನ ಬುದ್ಧಿ ಹೋಗಿ ಬಾಗಿಲಲ್ಲಿ ಕಾದು ನಿಂತರೂ ಕೈ ಇನ್ನೂ ಮನೆಯಲ್ಲೇ ಇರುತ್ತದೆ. ಇಬ್ಬರನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿದರೆ ಒಬ್ಬ ಅಪ್ಪಟ ಕೆಲಸಗಾರ ಸಿಗುತ್ತಾನೆ.

ಅಲಾರಂ ಗಡಿಯಾರಗಳ ಮೇಲೆ ಅವರ ಕೈ ಪಳಗಿದೆ. ಇನ್ನು ಕೀಲಿ ಕೊಟ್ಟು ನಡೆಸುವ ಒಂದು ಒಳ್ಳೆಯ ಕೈಗಡಿಯಾರ ಬೇಕು. ನಿಮ್ಮಲ್ಲಿ ಯಾರ ಬಳಿಯಾದರೂ ಇದ್ದರೆ, ಮಾರುವ ಮನಸ್ಸಿದ್ದರೆ, ಬೆಲೆ ಬರೆದು ಕಳುಹಿಸಿ. ನಮ್ಮ ಪದ್ಧತಿ ನಿಮಗೆ ಗೊತ್ತೇ ಇದೆ. ಚೌಕಾಸಿಯೂ ಈ ಕಸುಬಿನ ಪಾಠವೇ: ದೋಷವನ್ನು ಬೆರಳಿಟ್ಟು ತೋರಿಸಲಾರದವನು ಬೆಲೆ ಇಳಿಸಿ ಎಂದು ಕೇಳಬಾರದು. ಕಂಡ ಗುಣವನ್ನು ಮುಚ್ಚಿಡಬಾರದು, ಕಂಡ ದೋಷವನ್ನು ನುಂಗಬಾರದು. ಗಡಿಯಾರದ ಕೆಲಸ ಮಾಡಿದವನ ಹೆಸರು ಕೇಳಬಾರದು, ಹೇಳಲೂಬಾರದು. ಹೆಸರು ಗೊತ್ತಾದರೆ ಕಣ್ಣು ಸುಳ್ಳು ಹೇಳುತ್ತದೆ. ಒಮ್ಮೆ ಬೆಲೆ ಒಪ್ಪಿದ ಮೇಲೆ ಕೊಟ್ಟವರಾಗಲಿ ಕೊಂಡವರಾಗಲಿ ಮತ್ತೆ ಅದರ ಮಾತೆತ್ತಬಾರದು.

ಕೊನೆಯದಾಗಿ, ಜೇನು ಎಲ್ಲಿದ್ದಾನೆಂದು ಬಲ್ಲವರು ತಿಳಿಸಿ. ಕೆಲಸ ಮಾಡುವಾಗ ಜೇನಿನಂತೆ ಗುಂಯ್‌ಗುಟ್ಟುತ್ತಿದ್ದ ಆ ಹುಡುಗನನ್ನು "ಬಾಯ್ಮುಚ್ಚೋ, ಗಡಿಯಾರದ ಸದ್ದು ಕೇಳಲಿ" ಎಂದು ದಿನಾ ಬಯ್ಯುತ್ತಿದ್ದೆ. ಅಂಥ ಕೈ ಈ ಕೋಣೆಗೆ ಮತ್ತೆ ಬಂದಿಲ್ಲ. ಊರು ಬದಲಿಸಿದನಂತೆ. ಹಳೆಯ ವಿಳಾಸಕ್ಕೆ ಬರೆದ ಕಾಗದಗಳು ಅವನಿಗೆ ತಲುಪುತ್ತವೋ ಇಲ್ಲವೋ ತಿಳಿಯದು. ಎಲ್ಲಿದ್ದರೂ ಅವನ ಕೈ ಚೆನ್ನಾಗಿರಲಿ.

ನಿಮ್ಮವನೇ ಆದ
ಮೇಷ್ಟ್ರು


ಜೂನ್ 21

ಪ್ರೀತಿಯ ಅಕ್ಕನಿಗೆ,

ಇದನ್ನು ಓದಿದ ಮೇಲೆ ಯಾರಿಗೂ ಹೇಳಬೇಡ. ಭಾವನಿಗೂ ಬೇಡ.

ಇವರ ಬಲಗೈ ನಡುಗುತ್ತದೆ. ಚಳಿಗಾಲದಲ್ಲಿ ಶುರುವಾದದ್ದು. ಚಳಿ ಹೋದರೂ ನಡುಕ ಹೋಗಲಿಲ್ಲ. ಡಾಕ್ಟರು ನರದ ತೊಂದರೆ ಎಂದು ಮಾತ್ರೆ ಬರೆದುಕೊಟ್ಟಿದ್ದಾರೆ. ಕಡಿಮೆಯಾಗುತ್ತದೆ ಎಂದೂ ಹೇಳಲಿಲ್ಲ, ಆಗುವುದಿಲ್ಲ ಎಂದೂ ಹೇಳಲಿಲ್ಲ. ಗಡಿಯಾರದ ಅಂಗಡಿಗೆ ಬಂದವರಿಗೆಲ್ಲ ಇವರು "ಬಿಡಿಭಾಗ ಇನ್ನೂ ಬಂದಿಲ್ಲ" ಎನ್ನುತ್ತಿದ್ದರು. ಪಕ್ಕದ ಕನ್ನಡಕದ ಅಂಗಡಿಯವನು "ಏನ್ರೀ, ನಿಮ್ಮ ಬಿಡಿಭಾಗ ನಡ್ಕೊಂಡು ಬರ್ತಿದ್ಯಾ?" ಎಂದು ನಗೆಯಾಡಿದ ದಿನ ಅಂಗಡಿಯ ಬಾಗಿಲು ಎಳೆದುಕೊಂಡು ಬಂದವರು ಮತ್ತೆ ತೆಗೆದಿಲ್ಲ. ನನ್ನ ಹೊಲಿಗೆಯಿಂದ ಮನೆ ನಡೆಯುತ್ತಿದೆ. ಅದರ ಚಿಂತೆ ನಿನಗೆ ಬೇಡ.

ಇವರ ಮೇಷ್ಟ್ರ ಕಾಗದ ಕೈಯಿಂದ ಕೈ ದಾಟಿ ಬಂತು. ಅದರಲ್ಲಿ ಇವರ ಮಾತೂ ಇತ್ತು. ಓದಿ ಮಡಿಸಿಟ್ಟು, ಸ್ನಾನ ಮಾಡಿ ಬಂದು, ತಮ್ಮ ಕೈಗಡಿಯಾರವನ್ನೇ ಬಿಚ್ಚಿ ಮೇಜಿನ ಮೇಲಿಟ್ಟರು. ಮೇಷ್ಟ್ರ ಶಾಲೆಯಲ್ಲಿದ್ದಾಗ ಮೊದಲ ಸಂಪಾದನೆಯಲ್ಲಿ ಕೊಂಡದ್ದು, ಕೆಲಸ ಕಲಿತದ್ದೆಲ್ಲ ಅದರ ಮೇಲೆಯೇ. ಬೆಳಕು ಇರುವಷ್ಟು ಹೊತ್ತು ಕಿಟಕಿಯ ಬಳಿ ಕೂತು ಅದನ್ನು ಪೂರ್ತಿ ಬಿಚ್ಚಿ, ತೊಳೆದು, ಕೂಡಿಸಿದರು. ಒಂದು ಮಧ್ಯಾಹ್ನ ಸಿಡಿಮಿಡಿಗೊಂಡು "ಆ ಮೆಷಿನ್ ನಿಲ್ಸೇ, ಮೇಜು ಅಲುಗುತ್ತೆ" ಎಂದರು. ಅಕ್ಕಾ, ಮೆಷಿನ್ ನಿಲ್ಲಿಸಿ ಎಷ್ಟೋ ಹೊತ್ತಾಗಿತ್ತು. ನಾನು ಗುಂಡಿ ಹಚ್ಚುತ್ತಿದ್ದೆ. "ಸರಿ, ನಿಲ್ಲಿಸ್ತೀನಿ" ಎಂದೆ.

ಈಗ ಆ ವಾಚು ನಡೆಯುತ್ತಿದೆ. ಅದನ್ನು ಮೇಷ್ಟ್ರಿಗೆ ಆರು ಸಾವಿರಕ್ಕೆ ಮಾರಬೇಕಂತೆ. ನನ್ನ ಕೈಯಲ್ಲಿ ಕಾಗದ ಬರೆಸುತ್ತಾರಂತೆ, ತಮ್ಮ ಹೆಸರು ಇರಕೂಡದಂತೆ. "ನನ್ನ ಹೆಸರು ಕೇಳಿದ್ರೆ ಅವರು ಕಣ್ಣು ಮುಚ್ಕೊಂಡು ದುಡ್ಡು ಕೊಡ್ತಾರೆ. ನನಗೆ ಬೇಕಾಗಿರೋದು ದುಡ್ಡಲ್ಲ, ಅವರ ಕಣ್ಣು. ಚೌಕಾಸಿ ಮಾಡ್ದೆ ಕೊಂಡ್ರೆ ನಾಳೆನೇ ಅಂಗಡಿ ಬಾಗಿಲು ತೆಗೀತೀನಿ" ಎಂದರು.

"ಚೌಕಾಸಿ ಮಾಡಿದ್ರೆ?" ಎಂದು ಕೇಳಿದೆ.

"ದಾರ ಮುಗಿದಿದೆ ಅಂದಿದ್ಯಲ್ಲ, ತಂದ್ಕೊಡ್ಲಾ?" ಎಂದು ಚಪ್ಪಲಿ ಮೆಟ್ಟಿ ಹೊರಟರು.

ನೀನು ಮೇಷ್ಟ್ರ ಊರಿನಲ್ಲೇ ಇರುವುದರಿಂದ ನಿನ್ನ ಲಾಂಡ್ರಿಯ ವಿಳಾಸ ಕೊಡುತ್ತೇನೆ. ಬಂದ ಕಾಗದಗಳನ್ನು ಹಾಗೆಯೇ ಇಲ್ಲಿಗೆ ಕಳಿಸು. ಅವರು ಆರು ಸಾವಿರ ಕೊಟ್ಟುಬಿಡಲಿ ಎಂದು ನೀನೂ ಬೇಡಿಕೋ.

ನಿನ್ನ ತಂಗಿ


ಜೂನ್ 26

ಮಾನ್ಯರೇ,

ನಿಮ್ಮ ಶಾಲೆಗೆ ಕೈಗಡಿಯಾರ ಬೇಕೆಂದು ತಿಳಿದು ಒಂದನ್ನು ರಿಜಿಸ್ಟರ್ಡ್ ಪಾರ್ಸೆಲ್‌ನಲ್ಲಿ ಕಳುಹಿಸಿದ್ದೇನೆ. ಇತ್ತೀಚೆಗೆ ಪೂರ್ತಿ ಬಿಚ್ಚಿ ಸರಿಮಾಡಿಸಿದ್ದು. ಬೆಲೆ ಆರು ಸಾವಿರ. ಇಳಿಸಬಾರದೆಂದು ಕೇಳಿಕೊಳ್ಳುತ್ತೇನೆ.

ನಾನು ಹೊಲಿಗೆಯವಳು. ಗಡಿಯಾರದ ವಿಷಯ ನನಗೆ ತಿಳಿಯದು.

ಇತಿ,
ಗಡಿಯಾರದ ಒಡತಿ


ಜುಲೈ 8

ಗಡಿಯಾರದ ಒಡತಿಯವರಿಗೆ ನಮಸ್ಕಾರ.

ತಾಯೀ, ನಿಮ್ಮ ಪಾರ್ಸೆಲ್ ನಮ್ಮ ಕೋಣೆಗೆ ಮದುವೆಯ ಕಳೆ ತಂದಿತು. ಮಕ್ಕಳೆಲ್ಲ ಮೇಜಿನ ಸುತ್ತ ಮುತ್ತಿಕೊಂಡರು. ಬೆಲೆ ಓದಿದ ಕೂಡಲೇ ನಮ್ಮ ಗಡಿಬಿಡಿ "ಆರು ಸಾವಿರಾನಾ? ಇದರಲ್ಲಿ ಚಿನ್ನ ಎಲ್ಲಿದೆ ಮೇಷ್ಟ್ರೇ?" ಎಂದು ಕೈಚೆಲ್ಲಿದಳು. ನಿಧಾನಿ "ಮೊದಲು ಮುಚ್ಚಳ ತೆಗೆಯೋಣ, ಆಮೇಲೆ ಬಾಯಿ ತೆಗೆಯೋಣ" ಎಂದ. ಈ ಹುಡುಗನಿಂದ ಇಷ್ಟು ಚುರುಕಾದ ಮಾತು ನಾನು ಕೇಳಿದ್ದು ಇದೇ ಮೊದಲು.

ಪದ್ಧತಿಯಂತೆ ಮೊದಲು ಗುಣ ಹೇಳುತ್ತೇವೆ. ಡಯಲ್ ಶುಭ್ರವಾಗಿದೆ. ಕೀಲಿಯ ಸ್ಪ್ರಿಂಗ್ ಬಲವಾಗಿದೆ. ಒಳಗೆ ಎಲ್ಲಿಯೂ ಎಣ್ಣೆ ಚೆಲ್ಲಿಲ್ಲ. ಮೇಲಿನ ಮೂರು ಸ್ಕ್ರೂಗಳ ತಲೆಯ ಸೀಳುಗಳು ಒಂದೇ ದಿಕ್ಕಿಗೆ ತಿರುಗಿ ನಿಂತಿವೆ. ಈಗಿನ ಕಾಲದಲ್ಲಿ ಯಾರೂ ಇಷ್ಟು ಮುತುವರ್ಜಿ ವಹಿಸುವುದಿಲ್ಲ. ಈ ಗಡಿಯಾರ ಒಂದು ಕಾಲಕ್ಕೆ ಬಲ್ಲವರ ಕೈಯಲ್ಲಿತ್ತು.

ಇನ್ನು ದೋಷ. ಬ್ಯಾಲೆನ್ಸ್ ಚಕ್ರವನ್ನು ಹಿಡಿದಿಡುವ ಹಿತ್ತಾಳೆಯ ಪಟ್ಟಿಯ ಮೇಲೆ ಗೀರುಗಳಿವೆ. ಸ್ಕ್ರೂ ಡ್ರೈವರ್ ಜಾರಿದೆ. ಆ ಚಕ್ರವನ್ನು ಆಡಿಸುವ ಕೂದಲೆಳೆಯಂಥ ಸ್ಪ್ರಿಂಗ್‌ಗೆ ಚಿಮಟದ ತುದಿ ತಾಗಿ ಅದು ಒಂದು ಪಕ್ಕಕ್ಕೆ ಬಾಗಿದೆ. ಅದರಿಂದ ಗಡಿಯಾರ ನಡೆಯುತ್ತಿದ್ದರೂ ಕುಂಟುತ್ತಿದೆ. ಇದನ್ನು ಮಕ್ಕಳಿಗೆ ತೋರಿಸಿ ಒಂದು ಪಾಠವನ್ನೇ ಮಾಡಿದೆ. ಕೆಲಸ ಬಾರದವನ ಗೀರು ಉದ್ದಕ್ಕೆ ಒಂದೇ ಇರುತ್ತದೆ, ಏಕೆಂದರೆ ಅವನು ಜಾರಿದ ಕೂಡಲೇ ಹೆದರಿ ಕೈ ಎತ್ತಿಬಿಡುತ್ತಾನೆ. ಇಲ್ಲಿರುವ ಗೀರುಗಳು ಚಿಕ್ಕವು, ಒಂದರ ಪಕ್ಕ ಒಂದು, ಒಂದೇ ಕಡೆ. ಇವನಿಗೆ ಕೆಲಸ ಗೊತ್ತು, ಕೈ ನಿಲ್ಲುತ್ತಿಲ್ಲ. ಈ ಕೈ ಈ ಕೆಲಸಕ್ಕೆ ಇನ್ನು ಸಲ್ಲದು ಎಂದು ಮಕ್ಕಳಿಗೆ ಹೇಳಿದೆ. ನೀವೂ ಮುಂದೆ ನಿಮ್ಮ ಗಡಿಯಾರಗಳನ್ನು ಅವನಿಗೆ ಕೊಡಬೇಡಿ.

ಬೆಲೆಯನ್ನು ಮಕ್ಕಳಿಂದಲೇ ಕಟ್ಟಿಸಿದೆ. ಗಡಿಬಿಡಿ ಮೂರು ಎಂದಳು, ನಿಧಾನಿ ಲೆಕ್ಕ ಹಾಕಿ ನಾಲ್ಕು ಎಂದ. ನಾಲ್ಕು ಸಾವಿರ ನ್ಯಾಯವಾದ ಬೆಲೆ. ಬೇಸರ ಮಾಡಿಕೊಳ್ಳಬೇಡಿ, ತಪ್ಪು ನಿಮ್ಮದಲ್ಲ, ಯಾರೋ ರಿಪೇರಿಯವನದು.

ಇತಿ ನಿಮ್ಮ ವಿಶ್ವಾಸಿ,
ಮೇಷ್ಟ್ರು


ಜುಲೈ 15

ಅಕ್ಕಾ,

ನೀನು ಕಳಿಸಿದ ಕಾಗದ ಬಂತು. ಇವರು ಬಾಗಿಲಲ್ಲೇ ನಿಂತಿದ್ದರು. ಒಡೆದು ಓದು ಎಂದು ನನ್ನ ಕೈಗೇ ಕೊಟ್ಟರು. ತಾವು ಹಿಡಿದರೆ ಹಾಳೆ ಅಲುಗುತ್ತದೆ.

ಗಟ್ಟಿಯಾಗಿ ಓದಿದೆ. ಗುಣಗಳನ್ನು ಓದುವಾಗ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದರು. ಸ್ಕ್ರೂಗಳ ಮಾತು ಬಂದಾಗ "ಆಮೇಲೆ? ಯಾರು ಮಾಡಿದ್ದು ಅಂತ ಏನಾದ್ರೂ?" ಎಂದರು. "ಬಲ್ಲವರು ಅಂತ ಬರೆದಿದಾರೆ" ಎಂದೆ. ಆ ಮುಖವನ್ನು ನೀನು ನೋಡಬೇಕಿತ್ತು. ಮುಂದಿನ ಸಾಲಿನ ಮೇಲೆ ನನ್ನ ಕಣ್ಣು ಓಡಿತ್ತು. ನಾನು ಅಲ್ಲಿಗೇ ನಿಲ್ಲಿಸಿ "ಇತಿ, ಮೇಷ್ಟ್ರು" ಎಂದುಬಿಟ್ಟೆ.

"ಎರಡು ಹಾಳೆ ಇದೆಯಲ್ಲೇ" ಎಂದರು.

"ಎರಡನೇದು ಖಾಲಿ."

"ನಮ್ಮ ಮೇಷ್ಟ್ರು ಖಾಲಿ ಹಾಳೆಗೆ ಅಂಚೆಖರ್ಚು ಮಾಡೋರಲ್ಲ" ಎಂದು ನಗುತ್ತ ಕೈ ನೀಡಿದರು. ಹಾಳೆಯನ್ನು ಮೇಜಿನ ಮೇಲೆ ಹಾಸಿ ಎರಡೂ ಕಡೆ ಒತ್ತಿಹಿಡಿದು ಓದಿದರು. ಕೊನೆಗೆ "ಸರಿಯಾಗೇ ಹೇಳಿದಾರೆ" ಎಂದರು. ಅವರ ಧ್ವನಿಯಲ್ಲಿ ಸಿಟ್ಟಿದ್ದಿದ್ದರೆ ನಾನು ಸಮಾಧಾನ ಮಾಡುತ್ತಿದ್ದೆ. ಇರಲಿಲ್ಲ. ಮೇಷ್ಟ್ರ ಬಗ್ಗೆ ಹೆಮ್ಮೆ ಇತ್ತು.

ರಾತ್ರಿ ಊಟಕ್ಕೆ ಕೂತಾಗ "ಒಂದು ಸಲ ಕೇಳಿ ನೋಡೋಣ. ಐದೂವರೆಗೆ ಬರ್ತಾರಾ ಅಂತ. ಗೀರು ಹಳೇದು ಅಂತ ಬರಿ" ಎಂದರು. ನಾನೂ ಸಂತೆಯಲ್ಲಿ ಚೌಕಾಸಿ ಮಾಡಿದವಳೇ. ಮಾರುವವನು ಹೀಗೆ ಕೇಳುವುದು ಸಾಮಾನು ಹೋದರೆ ಹೋಗಲಿ ಎನ್ನುವಾಗಲ್ಲ, ಕೊಳ್ಳುವವನು ತಿರುಗಿ ನಡೆದುಬಿಟ್ಟಾನೆಂಬ ಭಯವಾದಾಗ.

ಬರೆಯುತ್ತೇನೆ.

ನಿನ್ನ ತಂಗಿ


ಜುಲೈ 17

ಮಾನ್ಯರೇ,

ನಿಮ್ಮ ಕಾಗದ ತಲುಪಿತು. ಗೀರುಗಳು ಹಳೆಯವು. ಈಗ ಸರಿಮಾಡಿದವರು ಮಾಡಿದ್ದಲ್ಲ. ಗಡಿಯಾರ ನಡೆಯುತ್ತಿದೆ ಎಂದು ನೀವೇ ಬರೆದಿದ್ದೀರಿ. ಆದ್ದರಿಂದ ಐದೂವರೆ ಸಾವಿರವನ್ನಾದರೂ ಕೊಡಬೇಕು.

ಇನ್ನೊಂದು ಮಾತು. ಕೈ ನಿಲ್ಲುವುದಿಲ್ಲ ಎಂದು ಬರೆದಿದ್ದೀರಿ. ನೀವು ಇಷ್ಟು ಜನರಿಗೆ ಕೆಲಸ ಕಲಿಸಿದವರು. ಹಾಗೆ ನಿಲ್ಲದ ಕೈ ಮತ್ತೆ ನಿಂತದ್ದನ್ನು ಎಲ್ಲಾದರೂ ಕಂಡಿದ್ದೀರಾ? ಕಂಡಿದ್ದರೆ ದಯವಿಟ್ಟು ಬರೆಯಿರಿ. ಬೆಲೆ ನೀವು ಹೇಳಿದಂತೆಯೇ ಆಗಲಿ, ಇದನ್ನು ಬರೆಯಿರಿ.

ಇತಿ,
ಗಡಿಯಾರದ ಒಡತಿ


ಜುಲೈ 29

ಗಡಿಯಾರದ ಒಡತಿಯವರಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದೆವು. ಹಟಮಾರಿ ಮಾರಾಟಗಾರರು ಸಿಕ್ಕರೆ ಮಕ್ಕಳ ಕಲಿಕೆಗೆ ಒಳ್ಳೆಯದೆಂದು ನಾನು ಸಂತೋಷಪಟ್ಟೆ.

ಗೀರು ಹಳೆಯದು ಎಂದಿದ್ದೀರಿ. ನಿಧಾನಿ ಅದಕ್ಕೆ ಉತ್ತರ ಕೊಟ್ಟಿದ್ದಾನೆ, ಅವನ ಮಾತನ್ನೇ ಬರೆಯುತ್ತೇನೆ: "ಹಳೇ ಗೀರು ಹಿತ್ತಾಳೆ ಜೊತೆ ಮಂಕಾಗಿರುತ್ತೆ. ಇದು ಹೊಳೀತಿದೆ. ಮೊನ್ನೆ ಮೊನ್ನೆದು." ಅವನ ಬೆನ್ನು ತಟ್ಟಿದೆ. ಇಂಥ ಕಣ್ಣಿಗಾಗಿ ನಾನು ಎಷ್ಟು ವರ್ಷ ಕಾದಿದ್ದೆನೆಂದು ನಿಮಗೆ ಹೇಗೆ ಹೇಳಲಿ.

ಕೊನೆಯಲ್ಲಿ ನೀವು ಮಾತನ್ನು ಬೆಲೆಯಿಂದ ವೈದ್ಯಕ್ಕೆ ಹೊರಳಿಸಿದ್ದೀರಿ. ಗಡಿಬಿಡಿ "ಇವರು ಘಾಟಿ ಹೆಂಗಸು ಮೇಷ್ಟ್ರೇ, ಜೇಬು ಸಿಗದಿದ್ರೆ ಕರುಳಿಗೇ ಕೈ ಹಾಕ್ತಾರೆ" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೂ ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ಧರ್ಮ. ನಾನು ಕಂಡಿಲ್ಲ. ಈ ಕಸುಬಿನಲ್ಲಿ ನಡುಗಲು ಶುರುವಾದ ಕೈ ಮತ್ತೆ ನಿಂತದ್ದನ್ನು ನಾನು ಕಂಡಿಲ್ಲ. ನಿಮ್ಮ ರಿಪೇರಿಯವನು ಪರಿಚಿತನಾಗಿದ್ದರೆ ಮೆತ್ತಗೆ ತಿಳಿಹೇಳಿ. ಯಾರೂ ಹೇಳದಿದ್ದರೆ ಅವನು ಇನ್ನೂ ಹಲವು ಗಡಿಯಾರಗಳನ್ನು ಕೆಡಿಸುತ್ತಾನೆ, ಕೊನೆಗೆ ತನ್ನ ಹೆಸರನ್ನೂ.

ಬೆಲೆ ನಾಲ್ಕು ಸಾವಿರ. ಇದಕ್ಕಿಂತ ಮೇಲೆ ಹೋದರೆ ಮಕ್ಕಳಿಗೆ ಸುಳ್ಳು ಕಲಿಸಿದಂತಾಗುತ್ತದೆ.

ಇತಿ,
ಮೇಷ್ಟ್ರು


ಆಗಸ್ಟ್ 6

ಮಾನ್ಯರೇ,

ನಾಲ್ಕು ಸಾವಿರಕ್ಕೆ ಒಪ್ಪಿಗೆ. ಹಣವನ್ನು ಇದೇ ವಿಳಾಸಕ್ಕೆ ಕಳುಹಿಸಿ.

ಕೆಲಸ ಮಾಡಿದವರಿಗೆ ತಿಳಿಹೇಳಿದ್ದಾಗಿದೆ.

ಇತಿ,
ಗಡಿಯಾರದ ಒಡತಿ


ಸೆಪ್ಟೆಂಬರ್ 2

ಜೇನು, ನನ್ನ ಮಗುವೇ,

ಈ ಕಾಗದವನ್ನು ಹೇಗೆ ಶುರುಮಾಡಬೇಕೆಂದು ತಿಳಿಯದೆ ಕೆಲವು ಹಾಳೆ ಹರಿದೆ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಹಣ ಕಳುಹಿಸಿದ ಮೇಲೆ ಗಡಿಯಾರವನ್ನು ನಿಧಾನಿಯ ಕೈಗೆ ಕೊಟ್ಟೆ. ಅವನು ಹಿತ್ತಾಳೆಯ ಪಟ್ಟಿ ಬಿಚ್ಚಿ, ಸ್ಪ್ರಿಂಗ್ ನೆಟ್ಟಗೆ ಮಾಡಿ, ಮತ್ತೆ ಸ್ಕ್ರೂ ಬಿಗಿಯುವಾಗ ಮಸೂರ ಎತ್ತಿ ನನ್ನ ಕಡೆ ತಿರುಗಿದ. ಏನಾಯಿತೋ ಎಂದೆ. "ಮೇಷ್ಟ್ರೇ, ಬಿಗಿ ಮಾಡಿದ್ರೆ ಸೀಳುಗಳು ತಾವಾಗೇ ಒಂದೇ ದಿಕ್ಕಿಗೆ ಬಂದು ನಿಲ್ತವೆ. ಹಾಗೆ ನಿಲ್ಲೋ ಹಾಗೆ ಒಂದೊಂದು ಸ್ಕ್ರೂ ತಲೆ ಅಡೀಲಿ ಉಜ್ಜಿದಾರೆ. ಯಾರ ಕಣ್ಣಿಗೂ ಬೀಳದ ಜಾಗದಲ್ಲಿ. ಇಷ್ಟು ತಾಳ್ಮೆ ಇರೋನು ಹೀಗ್ಯಾಕೆ ಗೀರ್ತಾನೆ?" ಎಂದು ಕೇಳಿದ.

ಆ ಕೆಲಸವನ್ನು ನಾನು ಎಲ್ಲ ಶಿಷ್ಯರಿಗೂ ಹೇಳಿಕೊಟ್ಟೆ. ಎಲ್ಲರೂ ಹೂಂಗುಟ್ಟಿದರು. ಮಾಡಿದವನು ನೀನೊಬ್ಬನೇ. ಒಂದು ವಾರ ಅದೇ ಸ್ಕ್ರೂಗಳನ್ನು ಉಜ್ಜುತ್ತ, ಗುಂಯ್‌ಗುಡುತ್ತ ಕೂತಿದ್ದೆ. ನಾನು ಬಯ್ಯುತ್ತಿದ್ದೆ. ಅದೇ ಗಡಿಯಾರ ನನ್ನ ಮುಂದೆ ಬಾಯಿ ತೆರೆದು ಮಲಗಿತ್ತು, ಆ ಮೂರು ಸೀಳುಗಳನ್ನು ನಾನು ನೋಡಿದೆ, ಬಾಯ್ತುಂಬ ಹೊಗಳಿ ಬರೆದೆ, ಮತ್ತೆ ಗೀರಿನ ಕಡೆ ತಿರುಗಿದೆ. ದೋಷಕ್ಕೆ ಹೊರಟ ಕಣ್ಣು ಗುಣದ ಮುಂದೆ ಹಾದುಹೋಗುವಾಗ ಮುಖ ನೋಡುವುದಿಲ್ಲ.

ವಿಳಾಸ ಹಿಡಿದು ಓಡಿದೆ. ಅದು ಲಾಂಡ್ರಿ. ನಿನ್ನ ಹೆಂಡತಿಯ ಅಕ್ಕ ಇಸ್ತ್ರಿ ಪೆಟ್ಟಿಗೆ ಹಿಡಿದು ನಿಂತಿದ್ದರು. ನಾನು ಯಾರೆಂದು ಹೇಳಿದೆ. ಅವರು ಇಸ್ತ್ರಿ ಪೆಟ್ಟಿಗೆಯನ್ನು ಕೆಳಗಿಡಲಿಲ್ಲ.

"ಈಗ ಬಂದ್ರಾ? ಗಡಿಯಾರ ಕಲಿಸೋರಿಗೇ ಹೊತ್ತು ತಿಳಿಯಲ್ವಾ?" ಎಂದರು.

"ನನಗೆ ಗೊತ್ತಿರಲಿಲ್ಲಮ್ಮ" ಎಂದೆ.

"ಗೊತ್ತಾಗಬಾರದು ಅಂತಾನೇ ನಿಮ್ಮ ರೂಲ್ಸು. ನನ್ನ ತಂಗಿ ಕಾಗದದಲ್ಲಿ ಕಾಲು ಹಿಡಿದು ಕೇಳಿದ್ಳು, ಅದಕ್ಕೆ ನಿಮ್ಮ ಮಕ್ಕಳು ನಕ್ಕರಂತೆ. ಅದನ್ನೂ ಬರೆದು ಕಳಿಸಿದ್ರಲ್ಲ ಯಜಮಾನ್ರೇ, ನಿಮ್ಮ ನಾಲಿಗೆಗೆ ಒಂದು ಸ್ಕ್ರೂ ಇರಬೇಕಿತ್ತು!"

ಅಂಗಡಿಯಲ್ಲಿದ್ದ ಗಿರಾಕಿಗಳು ನೋಡುತ್ತಿದ್ದರು. ನನಗೆ ನಾಚಿಕೆಯಾಗಲಿಲ್ಲ, ಅದು ನನಗೆ ಬೇಕಾಗಿತ್ತು. ಕೊನೆಗೆ ಒಂದು ಬಟ್ಟೆಯ ಚೀಟಿಯ ಹಿಂದೆ ನಿನ್ನ ವಿಳಾಸ ಬರೆದುಕೊಟ್ಟರು.

ಮಗು, ಇದರೊಂದಿಗೆ ಎರಡು ಸಾವಿರ ಇಟ್ಟಿದ್ದೇನೆ. ಆ ಗಡಿಯಾರದ ಬೆಲೆ ಆರು ಸಾವಿರವೇ. ಗೀರನ್ನು ಮಾತ್ರ ಎಣಿಸಿದವರು ನಾಲ್ಕು ಎಂದರು, ಅಷ್ಟೆ. ನೀನು ಇಲ್ಲಿಗೆ ಬಾ. ನನಗೆ ನಿನ್ನ ಕೈ ಬೇಡ. ಗಡಿಬಿಡಿಯ ಹಿಂದೆ ನಿಂತು "ತಡಿ" ಎನ್ನಲು ಒಂದು ಬಾಯಿ ಬೇಕು, ನಿಧಾನಿಯ ಹಿಂದೆ ನಿಂತು "ನಡಿ" ಎನ್ನಲು ಒಂದು ಬಾಯಿ ಬೇಕು. ನನಗೆ ವಯಸ್ಸಾಯಿತು. ಈ ಕೋಣೆಗೆ ನಿನಗಿಂತ ಹತ್ತಿರದವರು ಯಾರೂ ಇಲ್ಲ. ಬರುತ್ತೇನೆಂದು ಒಂದು ಸಾಲು ಬರೆ, ನಾನೇ ಬಂದು ಕರೆದೊಯ್ಯುತ್ತೇನೆ.

ನಿನ್ನ
ಮೇಷ್ಟ್ರು


ಅಕ್ಟೋಬರ್ 11

ಮೇಷ್ಟ್ರಿಗೆ ನಮಸ್ಕಾರ.

ನೀವು ಕಳುಹಿಸಿದ ಎರಡು ಸಾವಿರವನ್ನು ಹಿಂದಕ್ಕೆ ಕಳುಹಿಸಿದ್ದೇನೆ. ಇಷ್ಟು ತಡವಾದದ್ದಕ್ಕೆ ಕ್ಷಮಿಸಿ. ಇವರು ಏನಾದರೂ ಹೇಳುತ್ತಾರೇನೋ ಎಂದು ಕಾಯುತ್ತಿದ್ದೆ.

ನಿಮ್ಮ ಕಾಗದವನ್ನು ಇವರು ಓದಿದರು. ಕಣ್ಣೀರು ಬಂತು. ಅದು ಒಳ್ಳೆಯದೆಂದುಕೊಂಡೆ. ಆದರೆ ಹಣವನ್ನು ಲಕೋಟೆಗೆ ಹಾಕಿ ನನ್ನ ಮುಂದೆ ಸರಿಸಿ "ಬೆಲೆ ಒಪ್ಪಿದ ಮೇಲೆ ಕೊಂಡವರು ಮಾತೆತ್ತಬಾರದು ಅಂತ ಅವರೇ ಕಲಿಸಿದ್ದು. ನನ್ನ ಹೆಸರು ತಿಳಿದ ಮೇಲೆ ಆರು ಅಂದ್ರೆ ಅದು ಹೆಸರಿನ ಬೆಲೆ. ಕೈ ಬೆಲೆ ನಾಲ್ಕೇ" ಎಂದರು. ನಾನು ಜಗಳವಾಡಿದೆ. "ಅವರು ಕೈ ಬೇಡ ಬಾಯಿ ಬೇಕು ಅಂತ ಬರೆದಿದಾರೆ, ಓದಿದ್ರಾ?" ಎಂದೆ. "ಓದಿದೆ. ಕೈ ಇಲ್ಲದೋನ ಬಾಯಿಗೆ ಆ ಮಕ್ಕಳು ಒಂದು ತಿಂಗಳು ಮರ್ಯಾದೆ ಕೊಡ್ತಾರೆ, ಆಮೇಲೆ ಪಾಪ ಅಂತಾರೆ. ಮೇಷ್ಟ್ರು ಈಗಲೇ ಅಂತಿದಾರೆ" ಎಂದರು.

ಇವರು ಹೇಳಿದ್ದು ಸರಿಯಲ್ಲ ಎಂದು ನನಗೆ ಗೊತ್ತು. ಅದನ್ನು ತೋರಿಸಿಕೊಡುವ ಮಾತು ನನ್ನಲ್ಲಿಲ್ಲ. ನಿಮ್ಮಲ್ಲಿತ್ತು, ಆದರೆ ಮೊದಲಿನ ಎರಡು ಕಾಗದಗಳಲ್ಲಿ ನೀವು ಅಷ್ಟು ಸತ್ಯ ಬರೆದಿದ್ದರಿಂದ ಮೂರನೆಯದನ್ನು ಇವರು ನಂಬಲಿಲ್ಲ.

ಅಂಗಡಿಯನ್ನು ಬಿಟ್ಟುಕೊಟ್ಟೆವು. ಕನ್ನಡಕದವನು ಗೋಡೆ ಒಡೆದು ತನ್ನದಕ್ಕೆ ಸೇರಿಸಿಕೊಂಡ. ಚಿಮಟ, ಸ್ಕ್ರೂ ಡ್ರೈವರ್, ಮಸೂರಗಳನ್ನು ಇವರು ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿ ಯಾರಿಗೋ ಕೊಟ್ಟು ಬಂದರು. ಯಾರಿಗೆಂದು ನನಗೆ ಹೇಳಲಿಲ್ಲ, ನಾನು ಮರಳಿ ತಂದುಬಿಡುತ್ತೇನೆಂದು. ಈಗ ಒಂದು ದೊಡ್ಡ ಉಗ್ರಾಣದ ಗೇಟಿನಲ್ಲಿ ಕೆಲಸ. ಲಾರಿ ಬಂದರೆ ತೆಗೆಯುವುದು, ಹೋದರೆ ಮುಚ್ಚುವುದು. ಅದಕ್ಕೆ ನಡುಗುವ ಕೈ ಸಾಕು ಎಂದು ತಾವೇ ಹಾಸ್ಯ ಮಾಡುತ್ತಾರೆ. ನಾನು ನಗುತ್ತೇನೆ.

ನಿಮ್ಮ ಮೇಲೆ ಇವರಿಗೆ ಕೋಪವಿಲ್ಲ. ಇದ್ದಿದ್ದರೆ ನಿಮ್ಮ ಜೊತೆ ಜಗಳವಾಡಲಾದರೂ ಬರುತ್ತಿದ್ದರು.

ನಿಮಗೆ ಗೊತ್ತಿರುವ ಆ ಗುಂಯ್ ಸದ್ದು ಮದುವೆಯಾದ ಹೊಸತರಲ್ಲಿ ನನಗೂ ಕಿರಿಕಿರಿಯಾಗಿತ್ತು. ಅಂಗಡಿ ಮುಚ್ಚಿದ ಮೇಲೂ ಅದು ಇತ್ತು. ನಿಮ್ಮ ಗಡಿಯಾರವನ್ನು ಕೂಡಿಸುವಾಗಲೂ ಇತ್ತು. ಈಗ ನಾನು ಮೆಷಿನ್ ನಿಲ್ಲಿಸಿದರೆ ಮನೆಯಲ್ಲಿ ಯಾವ ಸದ್ದೂ ಇರುವುದಿಲ್ಲ. ಅದಕ್ಕೇ ನಿಲ್ಲಿಸುವುದಿಲ್ಲ.

ಇನ್ನು ಬರೆಯಬೇಡಿ ಎಂದು ಹೇಳುವಷ್ಟು ಗಟ್ಟಿ ನಾನಲ್ಲ. ಬರೆಯಿರಿ ಎನ್ನಲು ಧೈರ್ಯವಿಲ್ಲ.

ಇತಿ,
ಜೇನಿನ ಹೆಂಡತಿ


ನವೆಂಬರ್ 4

ನಮ್ಮ ಗಡಿಯಾರ ಶಾಲೆಯ ಎಲ್ಲರಿಗೂ, ಹಿರಿಯರಿಗೂ ಮಕ್ಕಳಿಗೂ ನಮಸ್ಕಾರ.

ಜೇನು ಎಲ್ಲಿದ್ದಾನೆಂದು ಜೂನ್ ತಿಂಗಳಲ್ಲಿ ನಿಮ್ಮನ್ನು ಕೇಳಿದ್ದೆ. ಇನ್ನು ಯಾರೂ ಹುಡುಕಬೇಡಿ. ಅವನು ಸಿಕ್ಕಿದ, ನಮ್ಮ ಮೇಜಿನ ಮೇಲೆಯೇ, ನಾವು ಅವನನ್ನು ನಾಲ್ಕು ಸಾವಿರಕ್ಕೆ ಇಳಿಸಿದೆವು. ನಡೆದದ್ದನ್ನೆಲ್ಲ ತರಗತಿಯಲ್ಲಿ ಹೇಳಿದ್ದೇನೆ. ಗಡಿಬಿಡಿ ಎರಡು ದಿನ ಬರಲಿಲ್ಲ. ಮೂರನೆಯ ದಿನ ಬಂದವಳು "ನಾನು ನಗಬಾರದಿತ್ತು ಮೇಷ್ಟ್ರೇ" ಎಂದಳು. ನಿನಗೆ ನಗುವುದನ್ನು ಕಲಿಸಿದವನು ನಾನು ಎಂದೆ. ನಿಧಾನಿ ಇನ್ನೂ ಏನೂ ಹೇಳಿಲ್ಲ. ಅವನು ಹೇಳುವ ಹೊತ್ತಿಗೆ ನಾನು ಇರುತ್ತೇನೋ ಇಲ್ಲವೋ.

ನಿಮ್ಮಲ್ಲಿ ಕೆಲವರು ಬರೆದಿದ್ದೀರಿ, ಪದ್ಧತಿಯನ್ನು ಬದಲಿಸಿ ಎಂದು. ರಾತ್ರಿಯೆಲ್ಲ ಹೊರಳಾಡಿ ಯೋಚಿಸಿದೆ. ಪದ್ಧತಿಯಲ್ಲಿ ತಪ್ಪು ಸಿಗುತ್ತಿಲ್ಲ. ನನ್ನ ಸಂಕಟವೇ ಅದು. ಗೀರು ಹೊಸದಾಗಿತ್ತು. ಸ್ಪ್ರಿಂಗ್ ಬಾಗಿತ್ತು. ಕೈ ನಿಲ್ಲುತ್ತಿರಲಿಲ್ಲ. ನಾವು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ, ನಾಲ್ಕು ಸಾವಿರ ಇವತ್ತಿಗೂ ಸರಿಯಾದ ಬೆಲೆ. ಒಬ್ಬ ಹೆಣ್ಣುಮಗಳು ಬೆಲೆ ನೀವು ಹೇಳಿದಂತೆಯೇ ಆಗಲಿ ಎಂದು ಕೈಬಿಟ್ಟು ಬೇರೇನನ್ನೋ ಕೇಳಿದಾಗ, ಚೌಕಾಸಿ ಅಲ್ಲಿಗೆ ಮುಗಿದಿತ್ತು. ನಾನು ಅದನ್ನೂ ಚೌಕಾಸಿ ಎಂದೇ ತಿಳಿದೆ. ಇಂಥದನ್ನು ತಡೆಯುವ ನಿಯಮ ಬರೆಯಲು ಬರುವುದಿಲ್ಲ.

ಅವನಿಗೆ ಮತ್ತೆ ಮೂರು ಸಲ ಬರೆದೆ. ಉತ್ತರವಿಲ್ಲ. ಹೋದ ವಾರ ನಾನೇ ಹೋಗಿ ಅವನು ಈಗ ಗೇಟು ಕಾಯುವ ಉಗ್ರಾಣದ ಎದುರಿನ ರಸ್ತೆಯಲ್ಲಿ ನಿಂತೆ. ಗೇಟು ತೆಗೆದ, ಲಾರಿ ಬಿಟ್ಟ, ಮುಚ್ಚಿದ. ಬಲಗೈಯನ್ನು ಜೇಬಿನಲ್ಲಿಟ್ಟುಕೊಂಡಿದ್ದ. ನನ್ನನ್ನು ನೋಡಿದ, ನೋಡಲಿಲ್ಲ ಎಂದು ಹೇಳಲಾರೆ. ಎಡಗೈ ಎತ್ತಿ ನಮಸ್ಕಾರದಂತೆ ಮಾಡಿ ಒಳಗೆ ಹೋದ. ಮತ್ತೊಂದು ಲಾರಿ ಬರುವವರೆಗೆ ಕಾದೆ. ಆಗ ಬೇರೆಯವನು ಬಂದು ಗೇಟು ತೆಗೆದ. ಹಿಂತಿರುಗಿ ಬಂದೆ.

ಅವನು ಬರುತ್ತಾನೆಂದು ನಿಮಗೆ ಮಾತು ಕೊಡಲಾರೆ. ಬರುವುದಿಲ್ಲ ಎಂದು ನನಗೇ ಹೇಳಿಕೊಂಡಿದ್ದೇನೆ, ದಿನವೂ ಹೇಳಿಕೊಳ್ಳಬೇಕಾಗಿದೆ.

ಮಕ್ಕಳೇ, ಇನ್ನು ನಿಮ್ಮ ಮಾತು. ಗಡಿಯಾರ ಮೇಜಿನ ಮೇಲಿದೆ. ನಿಧಾನಿ ಅದನ್ನು ಸರಿಮಾಡಿದ್ದಾನೆ, ಈಗ ಅದು ಕುಂಟುವುದಿಲ್ಲ. ಸರಿಯಾಗಿ ನಡೆಯುವ ಆ ಸದ್ದನ್ನು ಕೇಳಿಕೊಂಡು ಕೂರುವುದು ನನ್ನಿಂದ ಆಗುತ್ತಿಲ್ಲ. ಆದರೆ ಅದನ್ನು ಕೊಂಡದ್ದು ನನ್ನ ದುಃಖಕ್ಕಲ್ಲ, ನಿಮ್ಮ ಕಲಿಕೆಗೆ. ಕೊನೆಯ ಸ್ಕ್ರೂವಿನವರೆಗೆ ಅದನ್ನು ಬಿಚ್ಚಿ. ಆ ಮೂರು ಸ್ಕ್ರೂಗಳನ್ನು ತಿರುವಿಹಾಕಿ ಅಡಿಯಲ್ಲಿ ಉಜ್ಜಿದ್ದನ್ನು ಪ್ರತಿಯೊಬ್ಬರೂ ಮಸೂರ ಹಾಕಿ ನೋಡಿ. ಗೀರುಗಳನ್ನೂ ನೋಡಿ, ಆದರೆ ಉಜ್ಜಿ ಅಳಿಸಬೇಡಿ. ಎರಡೂ ಒಂದೇ ಕೈಯವು.

ಕೆಲಸ ಮಾಡುವಾಗ ಯಾರಿಗಾದರೂ ಗುನುಗಬೇಕೆನ್ನಿಸಿದರೆ ಗುನುಗಿ, ಇನ್ನು ನಾನು ಬಯ್ಯುವುದಿಲ್ಲ.

ಕಿಟಕಿ ತೆರೆಯಿರಿ. ಬೆಳಕು ಇರುವಾಗಲೇ ಮುಚ್ಚಳ ತೆಗೆಯಿರಿ. ಕೆಲಸಕ್ಕೆ ಕೈ ಹಾಕಿ.

ನಿಮ್ಮ
ಮೇಷ್ಟ್ರು